ಪೈನ್‌ಫೋನ್: ಮೋಡೆಮ್ ಅನ್ನು ಚಾವಡಿಯಲ್ಲೇ ನಿಲ್ಲಿಸುವ ಫೋನ್

ಮೊಬೈಲಿನ ಖಾಸಗಿತನದ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಆ್ಯಪ್‌ಗಳಿಗೆ ಕೊಡುವ ಅನುಮತಿಗಳಲ್ಲೇ ನಿಂತುಬಿಡುತ್ತದೆ. ಟವರಿನೊಂದಿಗೆ ವ್ಯವಹರಿಸುವ ಮೋಡೆಮ್, ತನ್ನದೇ ಪ್ರೊಸೆಸರ್ ಮತ್ತು ತನ್ನದೇ ಮುಚ್ಚಿದ ತಂತ್ರಾಂಶವಿರುವ ಇನ್ನೊಂದು ಕಂಪ್ಯೂಟರ್ ಎಂಬುದನ್ನು ಯಾರೂ ಗಮನಿಸುವುದಿಲ್ಲ. 2023ರ ಮಾರ್ಚ್‌ನಲ್ಲಿ ಭದ್ರತಾ ದೋಷಗಳನ್ನು ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡವು ಸ್ಯಾಮ್‌ಸಂಗ್‌ನ ಎಕ್ಸಿನೋಸ್ ಮೋಡೆಮ್‌ಗಳಲ್ಲಿ 18 ದೋಷಗಳಿರುವುದನ್ನು ತಿಳಿಸಿತು. ಅವುಗಳಲ್ಲಿ ನಾಲ್ಕನ್ನು ಬಳಸಿದರೆ, ಫೋನ್ ನಂಬರ್ ಒಂದು ಗೊತ್ತಿದ್ದರೆ ಸಾಕು, ಮಾಲೀಕರು ಏನನ್ನೂ ಒತ್ತದಿದ್ದರೂ ದೂರದಿಂದಲೇ ಮೋಡೆಮ್ ಅನ್ನು ವಶಪಡಿಸಿಕೊಳ್ಳಬಹುದಿತ್ತು. ಹಾಗೆ ವಶವಾದ ಮೋಡೆಮ್ ಫೋನಿನೊಳಗೆ ಎಲ್ಲಿಯವರೆಗೆ ಕೈಚಾಚಬಲ್ಲದು ಎಂಬುದು ನನ್ನ ಪ್ರಶ್ನೆಯಾಗಿತ್ತು. ಮಂಗಳೂರಿನಲ್ಲಿ ನಾನು ಪೈನ್64 ಸಂಸ್ಥೆಯ ಪೈನ್‌ಫೋನ್ ಬಳಸತೊಡಗಿದ್ದು ಅದೇ ಕಾರಣಕ್ಕೆ.

ಇದರ ಕ್ವೆಕ್ಟೆಲ್ ಇಜಿ25-ಜಿ ಮೋಡೆಮ್ ಮುಖ್ಯ ಚಿಪ್‌ನ ಒಳಗಿಲ್ಲ, ಯುಎಸ್‌ಬಿ ಮೂಲಕ ಅದಕ್ಕೆ ಜೋಡಣೆಯಾಗಿದೆ. ಯುಎಸ್‌ಬಿ ಸಾಧನವು ಮುಖ್ಯ ಮೆಮೊರಿಯನ್ನು ತಾನಾಗಿ ಓದಲಾರದ ಕಾರಣ, ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಪರಿಚಿತರನ್ನು ಚಾವಡಿಯಲ್ಲೇ ಮಾತನಾಡಿಸಿ ಕಳುಹಿಸುವಂತೆ ಮೋಡೆಮ್‌ನ ವ್ಯವಹಾರವೂ ಹೊರಗೇ ಮುಗಿಯುತ್ತದೆ. ಹಿಂಬದಿಯ ಮುಚ್ಚಳ ತೆಗೆದರೆ ಆರು ಪುಟ್ಟ ಸ್ವಿಚ್‌ಗಳ ಸಾಲು ಕಾಣುತ್ತದೆ. ಉಗುರಿಗೆ ಸಿಗದಷ್ಟು ಸಣ್ಣವು. ನಾನು ಕಡ್ಡಿಯ ಮೊನೆಯಿಂದ ಸರಿಸುತ್ತೇನೆ. ಮೊದಲನೆಯದನ್ನು ಸರಿಸಿದರೆ ಮೋಡೆಮ್ ಆಫ್ ಆಗುತ್ತದೆ, ಅದರಲ್ಲೇ ಇರುವ ಜಿಪಿಎಸ್ ಕೂಡ. ಏರೋಪ್ಲೇನ್ ಮೋಡ್‌ನಲ್ಲಿ ತಂತ್ರಾಂಶದ ಮಾತನ್ನು ನಂಬಬೇಕು, ಇಲ್ಲಿ ಅದರ ಅಗತ್ಯವಿಲ್ಲ. ಈ ಒಂದು ಗುಣಕ್ಕಾಗಿಯೇ ಇದು ನನಗೆ ಅಮೂಲ್ಯವೆನಿಸಿದೆ.

ಆದರೆ ಸ್ವಿಚ್ ಆನ್ ಇರುವಷ್ಟು ಹೊತ್ತು ಪಂಪ್‌ವೆಲ್‌ನಿಂದ ಸುರತ್ಕಲ್‌ವರೆಗೆ ನಾವು ಯಾವ ಟವರಿನ ವ್ಯಾಪ್ತಿಯಲ್ಲಿದ್ದೇವೆ ಎಂಬುದು ಸಿಮ್ ಕಂಪನಿಗೆ ತಿಳಿದೇ ಇರುತ್ತದೆ. ಮೋಡೆಮ್ ಅನ್ನು ಎಷ್ಟೇ ಪ್ರತ್ಯೇಕಿಸಿದರೂ ಅದು ತಪ್ಪದು. ಜಿಯೋಗೆ 2ಜಿ, 3ಜಿ ಜಾಲಗಳಿಲ್ಲದ ಕಾರಣ ಅದರ ಸಿಮ್ ಹಾಕುವವರು ವೋಲ್ಟೇ, ಅಂದರೆ 4ಜಿ ಜಾಲದ ಮೂಲಕವೇ ಕರೆ, ನಡೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಪ್ರೊಸೆಸರ್ ನಿಧಾನ, ರ್‍ಯಾಮ್ ಹೆಚ್ಚೆಂದರೆ 3 ಜಿಬಿ. ಬ್ಯಾಟರಿ ಸ್ಯಾಮ್‌ಸಂಗ್ ಜೆ7ರ ಅಳತೆಯದ್ದು, ಕೈಯಿಂದಲೇ ಬದಲಿಸಬಹುದು.

ಇದರಲ್ಲಿರುವುದು ಆಂಡ್ರಾಯ್ಡ್ ಅಲ್ಲ, ಲಿನಕ್ಸ್. ಆಂಡ್ರಾಯ್ಡ್‌ನ ಯುಪಿಐ ಆ್ಯಪ್‌ಗಳು ಇದರಲ್ಲಿ ನೇರವಾಗಿ ನಡೆಯುವುದಿಲ್ಲ. ಮೀನು ಮಾರುಕಟ್ಟೆಯಿಂದ ಹಿಡಿದು ಬಸ್ಸಿನವರೆಗೆ ಯುಪಿಐ ಬೇಕೇ ಬೇಕು ಎನ್ನುವವರಿಗೆ ನಾನು ಗ್ರಾಫೀನ್‌ಓಎಸ್ ಎಂಬ, ಖಾಸಗಿತನಕ್ಕೆ ಒತ್ತುಕೊಡುವ ಆಂಡ್ರಾಯ್ಡ್ ಆಧಾರಿತ ವ್ಯವಸ್ಥೆ ಹಾಕಿದ ಗೂಗಲ್ ಪಿಕ್ಸೆಲ್ ಫೋನನ್ನೇ ಸೂಚಿಸುತ್ತೇನೆ, ತಮ್ಮ ಬ್ಯಾಂಕಿನ ಆ್ಯಪ್ ಅದರಲ್ಲಿ ನಡೆಯುವುದನ್ನು ಖಚಿತಪಡಿಸಿಕೊಂಡ ಮೇಲೆ. ಅಲ್ಲಿ ಮೋಡೆಮ್ ಯಾವ ಮೆಮೊರಿಯನ್ನು ಮುಟ್ಟಬಹುದು ಎಂಬುದನ್ನು ಐಓಎಂಎಂಯು ಎಂಬ ಯಂತ್ರಾಂಶದ ಕಾವಲು ನಿರ್ಧರಿಸುತ್ತದೆ. ಸ್ವಿಚ್ ಮಾತ್ರ ಇಲ್ಲ. ಇನ್ನೊಂದು ಲಿನಕ್ಸ್ ಫೋನ್ ಆದ ಲಿಬ್ರೆಮ್ 5ರಲ್ಲಿ ಸ್ವಿಚ್‌ಗಳು ಫೋನಿನ ಅಂಚಿನಲ್ಲೇ ಇವೆ. ಪೈನ್‌ಫೋನ್ ತಯಾರಕರೂ ಅವನ್ನು ಮುಚ್ಚಳದ ಹೊರಗೆ ತಂದರೆ, ಜಡಿಮಳೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಫೋನ್ ಬಿಚ್ಚುವ ಕಷ್ಟ ತಪ್ಪುತ್ತದೆ.