ಬ್ರಿಟನ್ನಿನಲ್ಲಿ ಇಷ್ಟದ ನಂಬರ್: ಡಿವಿಎಲ್‌ಎಯಿಂದ ಕೊಳ್ಳುವುದೋ, ಮಾರುವವರಿಂದಲೋ?

ಕಾರಿಗೆ ನಿಮ್ಮ ಹೆಸರಿನಂತೆ ಓದಿಸುವ ನಂಬರ್ ಬೇಕೇ? ಬರೀ 250 ಪೌಂಡಿನ ಆಸುಪಾಸಿನಲ್ಲಿ ಮುಗಿಸಬೇಕು ಅಂದರೆ ವಾಹನ ನೋಂದಣಿಯ ಸರ್ಕಾರಿ ಸಂಸ್ಥೆ ಡಿವಿಎಲ್‌ಎಯೇ ಸರಿ. ಅಲ್ಲಿ ಬೆಲೆ ಶುರುವಾಗುವುದೇ ಅಷ್ಟಕ್ಕೆ. ತೆರಿಗೆಯೂ, ನಂಬರನ್ನು ವಾಹನಕ್ಕೆ ಸೇರಿಸುವ 80 ಪೌಂಡ್ ಶುಲ್ಕವೂ ಅದರಲ್ಲೇ ಬಂತು. ಆದರೆ ಸಿಗುವುದು ಯಾರಿಗೂ ಕೊಡದೆ ಉಳಿದ ನಂಬರ್ ಮಾತ್ರ. ಒಳ್ಳೊಳ್ಳೆಯವು ಹರಾಜಿಗೆ ಹೋಗುತ್ತವೆ. ಅಲ್ಲಿ ಕೂಗಿದ ಬೆಲೆಯ ಮೇಲೆ ಕಮಿಷನ್, ತೆರಿಗೆ ಬೇರೆ.

ಡೀಲರ್ ಹತ್ತಿರ ಆಯ್ಕೆ ಜಾಸ್ತಿ, ಬೆಲೆಯೂ ಜಾಸ್ತಿ. ನಂಬರ್ ಇಟ್ಟುಕೊಂಡವರಿಂದಲೇ ಕೊಂಡರೆ ಚೌಕಾಸಿ ಮಾಡಬಹುದು. ಅಪಾಯವೂ ಇಲ್ಲೇ. ನಂಬರಿನ ಹಕ್ಕು ಯಾರದು ಅಂತ ತೋರಿಸುವ ಡಿವಿಎಲ್‌ಎಯ ವಿ750 ಅಥವಾ ವಿ778 ಪತ್ರ ನೋಡದೆ ದುಡ್ಡು ಕೊಡಬೇಡಿ. ನಂಬರ್ ಇನ್ನೂ ಅವರ ಕಾರಿನಲ್ಲೇ ಇದ್ದರೆ ಮೊದಲು ಅದನ್ನು ಬಿಡಿಸಬೇಕು. ಅದಕ್ಕೆ 80 ಪೌಂಡ್. ಯಾರು ಕೊಡುವುದು ಅಂತ ಮುಂಚೆಯೇ ಮಾತಾಡಿಕೊಳ್ಳಿ.

ಎಲ್ಲಿ ಕೊಂಡರೂ ಕಾರು ಇರುವುದಕ್ಕಿಂತ ಹೊಸದು ಅನ್ನಿಸುವ ನಂಬರ್ ಹಾಕುವಂತಿಲ್ಲ. ಹಳೆಯದು ಅನ್ನಿಸಿದರೆ ಪರವಾಗಿಲ್ಲ! ಹೆಸರು ಕಾಣಲಿ ಅಂತ ಅಕ್ಷರಗಳ ನಡುವಿನ ಜಾಗ ಸರಿಸಿದರೆ 1,000 ಪೌಂಡ್‌ವರೆಗೂ ದಂಡ. ಮುಂದೆ ಮಾರುವ ಯೋಚನೆ ಇದ್ದರೆ, ಜಾಗ ಸರಿಸದೆಯೂ ಓದಿಸುವ ನಂಬರನ್ನೇ ನಾನಾದರೆ ಆರಿಸುತ್ತೇನೆ.