"ಡಬ್ಬಿಯಿಂದ ತೆಗೆದೇ ಇಲ್ಲ" ಎಂದರೆ ಹುಷಾರು: ದೊಡ್ಡ ಸ್ಕೇಲಿನ ಹಳೇ ಮಾದರಿ ರೈಲು ಕೊಳ್ಳುವವರಿಗೆ

ದೊಡ್ಡ ಸ್ಕೇಲಿನ ಮಾದರಿ ರೈಲುಗಳ ಒಂದು ಸೆಟ್ ಮತ್ತೆ ಮಾರಾಟಕ್ಕೆ ಬಂದಿದೆ. ಕಪ್ಪು ಬಣ್ಣದ ಎಂಜಿನ್, ಕೆಲವು ಪ್ಯಾಸೆಂಜರ್ ಬೋಗಿಗಳು, ಜೊತೆಗೆ ಗೂಡ್ಸ್ ವ್ಯಾಗನ್‌ಗಳು. ಫೋಟೋಗಳು ಅವೇ. ವಿವರಣೆಯೂ ಅದೇ: "ಒಂದೇ ಸೆಟ್, ಡಬ್ಬಿಯಿಂದ ತೆಗೆದೇ ಇಲ್ಲ, ಚೆನ್ನಾಗಿ ಓಡುತ್ತೆ." ಇದೇ ಸೆಟ್ಟನ್ನು ನಾನು ತರಿಸಿಕೊಂಡು, ಜಗಳ ಆಡಿ, ವಾಪಸ್ ಕಳಿಸಿದ್ದೆ. ಮಾರುವವರ ಹೆಸರು ಹಾಕುವುದಿಲ್ಲ. ಇಂಥ ಮಾತು ಹೇಳಿ ಮಾರುವವರು ಅವರೊಬ್ಬರೇ ಅಲ್ಲ. ಆ ಮಾತುಗಳ ಹಿಂದೆ ಏನಿತ್ತು ಅಂತ ಹೇಳ್ತೀನಿ, ನಿಮಗೆ ಬೇರೆ ಕಡೆಯೂ ಉಪಯೋಗಕ್ಕೆ ಬರುತ್ತದೆ.

ಮೊದಲು "ಒಂದೇ ಸೆಟ್" ಅನ್ನೋದು. ಡಬ್ಬಿಗಳನ್ನು ಬಿಚ್ಚಿ ಎಲ್ಲವನ್ನೂ ಹಳಿಯ ಮೇಲೆ ಸಾಲಾಗಿ ನಿಲ್ಲಿಸಿದಾಗಲೇ ಗೊತ್ತಾಯಿತು. ಬೋಗಿಯ ಬಾಗಿಲು ಎಂಜಿನ್ ಡ್ರೈವರ್ ನಿಲ್ಲುವ ಕ್ಯಾಬಿಗಿಂತ ಎತ್ತರ! ವ್ಯಾಗನ್‌ಗಳು ಅದಕ್ಕಿಂತಲೂ ದಪ್ಪ. ಕೇಳಿದರೆ ಬಂದ ಉತ್ತರ: "ಸರ್, ಎಲ್ಲಾ ಜಿ ಸ್ಕೇಲೇ. ಎಲ್ಲಾ ಒಂದೇ ಹಳಿ ಮೇಲೆ ಓಡುತ್ತೆ ನೋಡಿ."

ಒಂದೇ ಹಳಿ ಮೇಲೆ ಓಡುತ್ತೆ ಅನ್ನೋದು ಸುಳ್ಳಲ್ಲ. ಎಲ್ಲವೂ 45 ಮಿ.ಮೀ. ಹಳಿಯವೇ, ಅಂಥವಕ್ಕೆಲ್ಲ ಜಿ ಅನ್ನುವುದು ರೂಢಿ. ಆದರೆ 45 ಮಿ.ಮೀ. ಎಂಬುದು ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ. ಸ್ಕೇಲ್ ಬೇರೆ, ಅದು ನಿಜವಾದ ರೈಲಿಗಿಂತ ಮಾದರಿ ಎಷ್ಟು ಪಟ್ಟು ಚಿಕ್ಕದು ಅನ್ನುವ ಲೆಕ್ಕ. 1:32 ಅಂದರೆ ನಿಜದ 32ರಲ್ಲಿ ಒಂದು ಪಾಲು. 1968ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಲೇಮನ್ ಕಂಪನಿ ಎಲ್‌ಜಿಬಿ ಹೆಸರಿನಲ್ಲಿ ರೈಲು ತಂದಾಗ ಮೀಟರ್ ಗೇಜನ್ನು ಮಾದರಿಯಾಗಿ ಇಟ್ಟುಕೊಂಡಿತ್ತು. ಅದರ ಸ್ಕೇಲ್ 1:22.5. 45ನ್ನು 22.5ರಿಂದ ಗುಣಿಸಿ, ಸುಮಾರು 1 ಮೀಟರ್ ಬರುತ್ತದೆ. ಇದೇ 45 ಮಿ.ಮೀ. ಹಳಿಯನ್ನು 1:32ರಲ್ಲಿ ನೋಡಿದರೆ 1,440 ಮಿ.ಮೀ. ಆಗುತ್ತದೆ, ಅಂದರೆ 1,435 ಮಿ.ಮೀ.ನ ಸ್ಟ್ಯಾಂಡರ್ಡ್ ಗೇಜ್‌ಗೆ ಹೆಚ್ಚುಕಡಿಮೆ ಸರಿ. 1:20.3ರಲ್ಲಿ ನೋಡಿದರೆ 3 ಅಡಿಯ ನ್ಯಾರೋ ಗೇಜ್. ಅಮೆರಿಕದಲ್ಲಿ 1:29 ಅಂತ ಇನ್ನೊಂದಿದೆ. ಅದಕ್ಕೆ ಸ್ಟ್ಯಾಂಡರ್ಡ್ ಗೇಜಿನ ಲೆಕ್ಕ ಹಾಕಿದರೆ ಹಳಿಯ ಅಗಲವೇ ಸಾಲದು. ಆದರೂ ಜನ ಖುಷಿಯಾಗಿ ಕೊಳ್ಳುತ್ತಾರೆ, ನೋಡೋಕೆ ಗಟ್ಟಿಮುಟ್ಟಾಗಿ ಇರುತ್ತೆ ಅಂತ. ಅದು ಅವರವರ ಇಷ್ಟ. ಇವೆಲ್ಲಕ್ಕೂ "ಜಿ" ಅಂತ ಚೀಟಿ ಅಂಟಿಸಿ ಮಾರುವುದು ಮಾತ್ರ ತೊಂದರೆ.

ನನಗೆ ಬಂದದ್ದು 1:32 ಎಂಜಿನ್, 1:22.5 ಬೋಗಿ, 1:20.3 ವ್ಯಾಗನ್. ಕಪ್ಲಿಂಗ್‌ಗಳ ಎತ್ತರವೂ ಬೇರೆಬೇರೆ, ಒಂದಕ್ಕೊಂದು ಕೂಡುವುದೇ ಇಲ್ಲ.

ಇದನ್ನು ಫೋಟೋದಲ್ಲೇ ಹಿಡಿಯಬಹುದು. 170 ಸೆಂ.ಮೀ. ಎತ್ತರದ ಮನುಷ್ಯ 1:32ರಲ್ಲಿ 53 ಮಿ.ಮೀ. ಇರುತ್ತಾನೆ. 1:22.5ರಲ್ಲಿ ಸುಮಾರು 76, 1:20.3ರಲ್ಲಿ 84. ಬಾಗಿಲು ಇದಕ್ಕಿಂತ ಸ್ವಲ್ಪ ಎತ್ತರ ಇರಬೇಕು ಅಷ್ಟೆ. ಪ್ರತಿ ಗಾಡಿಯ ಬಾಗಿಲಿನ ಪಕ್ಕ ಸ್ಕೇಲ್ ಪಟ್ಟಿ ಹಿಡಿದು ಫೋಟೋ ಕಳಿಸಿ ಅಂತ ಕೇಳಿ. ನಿಜವಾಗಿ ಮಾರುವವರು ಕಳಿಸುತ್ತಾರೆ. "ಅದೆಲ್ಲ ಯಾಕೆ ಸರ್" ಅಂದರೆ ಬಿಟ್ಟುಬಿಡಿ.

ಇದಕ್ಕಿಂತ ಚಿಕ್ಕದಾದ ಓ ಗೇಜ್ ರೈಲು ಕೊಳ್ಳುವವರಿಗೂ ಒಂದು ಮಾತು. ಅಲ್ಲಿ ಹಳಿ 32 ಮಿ.ಮೀ. ಬ್ರಿಟನ್ನಿನಲ್ಲಿ ಅದರ ಮೇಲೆ 1:43.5, ಜರ್ಮನಿಯಲ್ಲಿ 1:45, ಅಮೆರಿಕದಲ್ಲಿ 1:48. ಈ ವ್ಯತ್ಯಾಸವನ್ನು ಕಣ್ಣು ಒಪ್ಪಿಕೊಳ್ಳುತ್ತದೆ. ಆದರೆ ಹಳೇ ಮೂರು ಹಳಿಯ (ನಡುವೆ ಕರೆಂಟಿಗೆ ಇನ್ನೊಂದು ಹಳಿ ಇರುವ) ಗಾಡಿಗಳ ಗಾಲಿಗೆ ಇನ್ಸುಲೇಶನ್ ಇರುವುದಿಲ್ಲ. ಎರಡು ಹಳಿಯ ಲೈನ್ ಮೇಲೆ ಇಟ್ಟ ಕೂಡಲೇ ಶಾರ್ಟ್. ಕೇಳಿ ತಿಳಿದುಕೊಂಡೇ ಕೊಳ್ಳಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಬರೀ ಸ್ಕೇಲ್ ಕಲಬೆರಕೆ ಆಗಿದ್ದರೆ ಬೋಗಿ, ವ್ಯಾಗನ್ ಬೇರೆಯವರಿಗೆ ಮಾರಿ ಸುಮ್ಮನಾಗಬಹುದಿತ್ತು. ಎಂಜಿನ್ನಿನ ಕಥೆ ಹಾಗಲ್ಲ.

ಡಬ್ಬಿ ತೆರೆದಾಗ ಚಾಸಿ, ಅಂದರೆ ಗಾಲಿಗಳನ್ನು ಹಿಡಿದಿರುವ ತಳದ ಎರಕದ ಚೌಕಟ್ಟು, ಎರಡು ತುಂಡಾಗಿತ್ತು. ಒಳಗಿದ್ದ ಫೋಮ್ ಕರಗಿ ಅಂಟಾಗಿ ಬಾಯ್ಲರಿನ ಬಣ್ಣಕ್ಕೆ ಹಿಡಿದುಕೊಂಡಿತ್ತು. ಹಳೇ ಪಾಲಿಯುರೇಥೇನ್ ಫೋಮ್ ವರ್ಷಗಳಾದ ಮೇಲೆ ಹೀಗೇ ಆಗುವುದು. ತೆಗೆಯಲು ಹೋದರೆ ಬಣ್ಣವೂ ಜೊತೆಗೇ ಬರುತ್ತದೆ. ಮೂಲ ಡಬ್ಬಿ, ಮೂಲ ಪ್ಯಾಕಿಂಗ್ ಎಂದು ಜಾಸ್ತಿ ಬೆಲೆ ಹೇಳುತ್ತಾರಲ್ಲ, ಆ ಪ್ಯಾಕಿಂಗೇ ಗಾಡಿಯನ್ನು ಹಾಳು ಮಾಡಿರಬಹುದು.

ಚಾಸಿ ಮುರಿದಿದೆ ಅಂತ ಫೋಟೋ ಕಳಿಸಿದೆ. ಉತ್ತರ ತಕ್ಷಣ ಬಂತು: "ಕೊರಿಯರ್‌ನವರು ಬೀಳಿಸಿದ್ದಾರೆ ಸರ್. ನಾನು ಕಳಿಸುವಾಗ ಚೆನ್ನಾಗೇ ಇತ್ತು." ಬಹಳ ಜನ ಇಲ್ಲೇ ಸೋತು ಕೂರುತ್ತಾರೆ. ಹಲವು ಕಿಲೋ ತೂಕದ ಎಂಜಿನ್ ಬಿದ್ದರೆ ಮುರಿಯುವುದು ಸಹಜ ಅಲ್ವಾ? ಕೊರಿಯರ್ ಜೊತೆ ಗುದ್ದಾಡಿ ಅಂತ ಹೇಳಿ ಮಾರಿದವರು ಕೈ ತೊಳೆದುಕೊಳ್ಳುತ್ತಾರೆ.

ಆದರೆ ಮುರಿದ ಜಾಗ ಸುಳ್ಳು ಹೇಳುವುದಿಲ್ಲ. ಒಳ್ಳೆಯ ಸತುವಿನ ಎರಕ ಹೊಸದಾಗಿ ಮುರಿದರೆ ಒಳಗೆ ಹೊಳಪಿರುತ್ತದೆ, ಕಾಳು ಕಾಳಾಗಿ ಬೆಳ್ಳಗೆ ಕಾಣುತ್ತದೆ. ಇಲ್ಲಿ ಇದ್ದದ್ದು ಮಂಕು ಬೂದು ಬಣ್ಣ. ಬೆರಳಿಂದ ಒತ್ತಿದರೆ ಹಳೇ ಬಿಸ್ಕತ್ತಿನ ಹಾಗೆ ಉದುರುತ್ತಿತ್ತು. ಡಬ್ಬಿಯ ತಳದಲ್ಲೂ ಅದೇ ಪುಡಿ. ಮುರಿದ ಜಾಗದ ಅರ್ಧ ಭಾಗದಲ್ಲಿ ಗಟ್ಟಿಯಾದ ಎಪಾಕ್ಸಿ ಅಂಟು, ಅದರ ಮೇಲೆ ಕಪ್ಪು ಬಣ್ಣ. ಅಂದರೆ ಬಿರುಕು ಮೊದಲೇ ಇತ್ತು. ಯಾರೋ ತುಂಬಿ, ಬಣ್ಣ ಬಳಿದು ಮುಚ್ಚಿದ್ದರು.

ಈ ಕಾಯಿಲೆಗೆ ಜಿಂಕ್ ಪೆಸ್ಟ್ ಅನ್ನುತ್ತಾರೆ. ಸತುವಿಗೆ ಸುಮಾರು ನೂರಕ್ಕೆ ನಾಲ್ಕು ಪಾಲು ಅಲ್ಯೂಮಿನಿಯಂ, ಸ್ವಲ್ಪ ಮೆಗ್ನೀಸಿಯಂ, ಕೆಲವೊಮ್ಮೆ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಈ ಲೋಹ ಶುದ್ಧವಾಗಿದ್ದರೆ ಒಳ್ಳೆಯದು, ಬಹಳ ಕಾಲ ಬಾಳುತ್ತದೆ. ಸೀಸ ಸೇರಿಕೊಂಡರೆ ಕೆಟ್ಟಿತು. ಬೇಕಾಗಿರುವುದು ಎಷ್ಟು ಕಡಿಮೆ ಗೊತ್ತಾ? ನೂರಕ್ಕೆ 0.005 ಪಾಲಿಗಿಂತ ಜಾಸ್ತಿ ಸೀಸ ಇರಬಾರದು ಅನ್ನುವುದು ಈ ಎರಕಕ್ಕೆ ಇಟ್ಟಿರುವ ಮಿತಿ. ತವರ, ಕ್ಯಾಡ್ಮಿಯಂ ಕೂಡ ಅಪಾಯವೇ. ಲೋಹದ ಕಣಗಳ ನಡುವಿನ ಸಂದಿಯಲ್ಲಿ ಇವು ಕೂರುತ್ತವೆ. ಗಾಳಿಯ ತೇವ ಅಲ್ಲಿಂದ ಒಳಗೆ ತಿನ್ನುತ್ತಾ ಹೋಗುತ್ತದೆ. ಲೋಹ ಹಿಗ್ಗುತ್ತದೆ, ಬಾಗುತ್ತದೆ, ಬಿರುಕು ಬಿಡುತ್ತದೆ, ಕೊನೆಗೆ ಪುಡಿಯಾಗುತ್ತದೆ. ಬಿಸಿ, ತೇವ ಎರಡೂ ಇದ್ದರೆ ಇನ್ನೂ ಬೇಗ.

ಇದಕ್ಕೆ ಮದ್ದಿಲ್ಲ. ಎಣ್ಣೆ ಹಚ್ಚಿ, ವಾರ್ನಿಶ್ ಬಳಿಯಿರಿ ಅಂತ ಸಲಹೆ ಕೊಡುವವರಿದ್ದಾರೆ. ಕಾಯಿಲೆ ಲೋಹದ ಒಳಗೇ ಇರುವಾಗ ಮೇಲೆ ಬಳಿದು ಏನು ಮಾಡೋದು? ಒಣ, ತಣ್ಣನೆಯ ಜಾಗದಲ್ಲಿ ಇಟ್ಟರೆ ನಿಧಾನವಾಗಬಹುದು. ಒಂದು ಸಮಾಧಾನ: ಇದು ಅಂಟುಜಾಡ್ಯ ಅಲ್ಲ. ಪಕ್ಕದ ಎಂಜಿನ್ನಿಗೆ ಹರಡುವುದಿಲ್ಲ. ಇನ್ನೊಂದು ವಿಷಯ, ಇದು 1920, 30ರ ದಶಕದ ಗಾಡಿಗಳಿಗೆ ಮಾತ್ರ ಬರುತ್ತೆ ಅಂತ ನಂಬಬೇಡಿ. 2000ದ ನಂತರ ತಯಾರಾದ ಮಾದರಿಗಳಲ್ಲೂ ಕಾಣಿಸಿಕೊಂಡಿದೆ. ಕೆಟ್ಟ ಲೋಹ ಯಾವ ಕಾಲದಲ್ಲಿ ಹೊಯ್ದರೂ ಕೆಟ್ಟದ್ದೇ.

"ಡಬ್ಬಿಯಿಂದ ತೆಗೆದೇ ಇಲ್ಲ" ಎಂಬ ಮಾತು ಇಲ್ಲಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ಓಡಿಸಿದ್ದಕ್ಕೂ ಈ ಕಾಯಿಲೆಗೂ ಸಂಬಂಧವೇ ಇಲ್ಲ. ಮುಚ್ಚಿಟ್ಟ ಡಬ್ಬಿಯಲ್ಲೂ ಲೋಹ ಕೊಳೆಯುತ್ತಿರುತ್ತದೆ, ನೋಡುವವರು ಇರುವುದಿಲ್ಲ ಅಷ್ಟೆ. ನಿಜ ಹೇಳಬೇಕೆಂದರೆ ಆಗಾಗ ಓಡಿಸಿ, ಎಣ್ಣೆ ಬಿಟ್ಟು, ಅಲ್ಲಲ್ಲಿ ಗೀರು ಬಿದ್ದ ಎಂಜಿನ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಇನ್ನು ಆ ವಿಡಿಯೋ. ಕೊಳ್ಳುವ ಮುಂಚೆ ಎಂಜಿನ್ ಓಡುವ ವಿಡಿಯೋ ಕಳಿಸಿದ್ದರು. ಗಾಲಿಗಳು ಜೋರಾಗಿ ತಿರುಗುತ್ತಿದ್ದವು, ಸದ್ದೂ ಚೆನ್ನಾಗಿತ್ತು. ಆದರೆ ಎಂಜಿನ್ ನಿಂತಿದ್ದು ರೋಲರ್‌ಗಳ ಮೇಲೆ. ನಿಂತಲ್ಲೇ ಗಾಲಿ ತಿರುಗುತ್ತದೆ, ಎಳೆಯುವ ಭಾರ ಇಲ್ಲ, ತಿರುವು ಇಲ್ಲ. ಎಂಜಿನ್ ಕೈಗೆ ಬಂದ ಮೇಲೆ ಗಾಲಿಗಳನ್ನು ಜೋಡಿಸುವ ಸರಳುಗಳನ್ನು ಬಿಚ್ಚಿ ನೋಡಿದೆ. ಸರಳಿನ ತೂತುಗಳು ದುಂಡಗಿರಲಿಲ್ಲ, ಉದ್ದಕ್ಕೆ ಎಳೆದ ಹಾಗೆ ಮೊಟ್ಟೆಯಾಕಾರ. ಅಂಚಿನಲ್ಲಿ ಅರ ಹಾಕಿದ ಗೆರೆಗಳು ಇನ್ನೂ ಹೊಳೆಯುತ್ತಿದ್ದವು.

ಯಾಕೆ ಅಂದರೆ, ಚಾಸಿ ಹಿಗ್ಗಿದಾಗ ಆಕ್ಸಲ್‌ಗಳ ನಡುವಿನ ಅಂತರವೂ ಹಿಗ್ಗುತ್ತದೆ. ಸರಳು ಉಕ್ಕಿನದು, ಅದು ಹಿಗ್ಗುವುದಿಲ್ಲ. 30 ಸೆಂ.ಮೀ. ಚಾಸಿ ನೂರಕ್ಕೆ ಒಂದು ಪಾಲು ಹಿಗ್ಗಿದರೂ 3 ಮಿ.ಮೀ. ವ್ಯತ್ಯಾಸ. ಅಷ್ಟು ಸಾಕು, ಗಾಲಿ ಕಚ್ಚಿಕೊಂಡು ನಿಲ್ಲುತ್ತದೆ. ಅದಕ್ಕೇ ತೂತನ್ನು ಅಗಲ ಮಾಡಿ, ಹೇಗೋ ತಿರುಗುವ ಹಾಗೆ ಮಾಡಿ ವಿಡಿಯೋ ತೆಗೆದಿದ್ದಾರೆ. ನಾನು ಕೇಳಿದ್ದು ಒಂದೇ ಪ್ರಶ್ನೆ: ಡಬ್ಬಿಯಿಂದ ತೆಗೆಯದ ಎಂಜಿನ್ನಿಗೆ ಅರ ಹಾಕಿದವರು ಯಾರು? ಅದಕ್ಕೆ ಉತ್ತರ ಬರಲಿಲ್ಲ. ಅಲ್ಲಿಂದ ಕೊರಿಯರ್ ಮಾತೂ ನಿಂತುಹೋಯಿತು.

ಹಾಗಾಗಿ ವಿಡಿಯೋ ಕೇಳುವಾಗ ಸರಿಯಾಗಿ ಕೇಳಿ. ಎಂಜಿನ್ ಹಳಿಯ ಮೇಲೆ ಇರಬೇಕು. ನಿಧಾನವಾಗಿ, ಹಿಂದಕ್ಕೂ ಮುಂದಕ್ಕೂ ಓಡಬೇಕು. ತಿರುವಿನಲ್ಲಿ ಓಡುವುದನ್ನು ತೋರಿಸಬೇಕು, ಜೊತೆಗೆ ತಿರುವಿನ ತ್ರಿಜ್ಯ ಎಷ್ಟು ಅಂತಲೂ ಹೇಳಬೇಕು. ಎಲ್‌ಜಿಬಿಯ ಚಿಕ್ಕ ತಿರುವು 60 ಸೆಂ.ಮೀ. ತ್ರಿಜ್ಯದ್ದು. 1:32ರ ಉದ್ದನೆಯ ಎಂಜಿನ್‌ಗಳಲ್ಲಿ ಎಷ್ಟೋ 1 ಮೀಟರಿಗಿಂತ ಅಗಲದ ತಿರುವು ಇಲ್ಲದೆ ಓಡುವುದೇ ಇಲ್ಲ. ಗಾಲಿ ಒಂದು ಸುತ್ತು ಬಂದಾಗಲೆಲ್ಲ "ಟಕ್" ಅಂತ ಕೇಳಿದರೆ ಆಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರ್ ಸೀಳಿರಬಹುದು. ಅದು ದೊಡ್ಡ ವಿಷಯ ಅಲ್ಲ, ಬದಲಿ ಗೇರ್ ಸಿಕ್ಕರೆ ಸರಿಹೋಗುತ್ತದೆ. ಚಾಸಿ ಹಾಗಲ್ಲ.

ಚಾಸಿಗೆ ಬೇರೆ ಫೋಟೋ ಬೇಕು. ಎಂಜಿನ್ ಮಗುಚಿ ಹಾಕಿ, ಉದ್ದಕ್ಕೂ ಉಕ್ಕಿನ ಸ್ಕೇಲ್ ಪಟ್ಟಿ ಇಟ್ಟು, ಪಕ್ಕದಿಂದ ಬೆಳಕು ಬೀಳುವ ಹಾಗೆ. ಪಟ್ಟಿಯ ಕೆಳಗೆ ಸಂದಿ ಕಂಡರೆ ಬಾಗಿದೆ ಎಂದರ್ಥ. ಬಫರ್ ಹಲಗೆ (ಎಂಜಿನ್ನಿನ ತುದಿಯ ಅಡ್ಡಪಟ್ಟಿ) ಹೊರಗೆ ತಳ್ಳಿಕೊಂಡಿದೆಯಾ, ಮೇಲಿನ ಬಾಡಿಯ ಸ್ಕ್ರೂ ತೂತು ಕೆಳಗಿನದಕ್ಕೆ ಸರಿಯಾಗಿ ಕೂಡುತ್ತಾ, ಬಣ್ಣದಲ್ಲಿ ಗುಳ್ಳೆ ಎದ್ದಿದೆಯಾ ನೋಡಿ. ಎಡಗಡೆ ಆಕ್ಸಲ್ ಅಂತರ ಒಂದು, ಬಲಗಡೆ ಇನ್ನೊಂದು ಇದ್ದರೆ ಬೇರೇನೂ ನೋಡುವುದೇ ಬೇಡ. ವ್ಯಾಗನ್‌ಗಳಲ್ಲಿ ಎರಕದ ಗಾಲಿ, ಆಕ್ಸಲ್ ಬಾಕ್ಸ್‌ಗಳನ್ನೂ ಇದೇ ಅನುಮಾನದಿಂದ ನೋಡಿ.

ಅರದ ಪ್ರಶ್ನೆ ಕೇಳಿದ ಮೇಲೆ ಮಾತಿನ ಧಾಟಿ ಬದಲಾಯಿತು. "ಹಣ ಬೇಡ ಸರ್, ಬದಲಿಗೆ ಒಂದು ನಿಜವಾದ ಉಗಿ ಎಂಜಿನ್ ಕೊಡ್ತೀನಿ, ಗ್ಯಾಸಿನಲ್ಲಿ ಉರಿಯುವಂಥದ್ದು, ಇದಕ್ಕಿಂತ ಜಾಸ್ತಿ ಬೆಲೆಯದು" ಅಂದರು. ಆಸೆ ಹುಟ್ಟಿಸುವ ಮಾತೇ. ಬಾಯ್ಲರ್ ಪರೀಕ್ಷೆಯ ಪತ್ರ ಕೇಳಿದೆ. ಇರಲಿಲ್ಲ. ಬಾಯ್ಲರಿನ ಹತ್ತಿರದ ಫೋಟೋ ಕೇಳಿದೆ. ಸೇಫ್ಟಿ ವಾಲ್ವ್ ಕೂರುವ ಜಾಗದ ಸುತ್ತ ಬೂದು ಬಣ್ಣದ ಬೆಸುಗೆ ಕಂಡಿತು, ವಯರಿಂಗ್‌ಗೆ ಬಳಸುವಂಥದ್ದು.

ಇದು ದುಡ್ಡಿನ ವಿಷಯ ಅಲ್ಲ, ಕಣ್ಣು ಕೈ ಹೋಗುವ ವಿಷಯ. ತವರ ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಲು ಶುರುವಾಗುತ್ತದೆ. 3 ಬಾರ್ ಒತ್ತಡದ ಉಗಿಯೇ 144 ಡಿಗ್ರಿ ಹತ್ತಿರ ಇರುತ್ತದೆ. ಒಳಗಿನ ನೀರು ಕಡಿಮೆಯಾಗಿ, ಉರಿ ಮಾತ್ರ ನಿಲ್ಲದಿದ್ದರೆ ಬಾಯ್ಲರಿನ ತಾಮ್ರದ ಬಿಸಿ ಎಲ್ಲಿಗೋ ಹೋಗುತ್ತದೆ. ಒತ್ತಡದ ಬಾಯ್ಲರಿಗೆ ಬೆಳ್ಳಿ ಬೆಸುಗೆ ಹಾಕುವುದು ಅದಕ್ಕೇ, ಅದು ಕರಗಲು 600 ಡಿಗ್ರಿ ದಾಟಬೇಕು. ಹೊಸ ಬಾಯ್ಲರನ್ನು ಕೆಲಸದ ಒತ್ತಡದ ಎರಡರಷ್ಟಕ್ಕೆ, ಆಮೇಲೆ ಆಗಾಗ ಒಂದೂವರೆಯಷ್ಟಕ್ಕೆ, ತಣ್ಣೀರು ತುಂಬಿ ಪರೀಕ್ಷೆ ಮಾಡುವುದು ವಾಡಿಕೆ. ನೀರಿನ ಬದಲು ಗಾಳಿ ತುಂಬಿ ಪರೀಕ್ಷೆ ಮಾಡಿದ್ದೀವಿ ಎಂದು ಯಾರಾದರೂ ಹೇಳಿದರೆ ಅಂಥವರಿಂದ ದೂರ ಇರಿ. ಅದುಮಿದ ಗಾಳಿ ಇರುವಾಗ ಬಾಯ್ಲರ್ ಬಿರಿದರೆ ಸಿಡಿಯುತ್ತದೆ, ನೀರಾದರೆ ಸೋರಿ ನಿಲ್ಲುತ್ತದೆ.

ಬೇಡ ಅಂದೆ. ಇಡೀ ಸೆಟ್ ವಾಪಸ್ ಕಳಿಸಿದೆ. ಸೆಟ್ಟಿನ ಹಣ ತುಂಬಾ ಸತಾಯಿಸಿ ಬಂತು. ಎರಡೂ ಕಡೆಯ ಸಾಗಣೆ ಖರ್ಚು ನನ್ನ ತಲೆಗೇ. ಕಳಿಸುವ ಮುಂಚೆ ಮುರಿದ ಜಾಗ, ಎಪಾಕ್ಸಿ, ಅರ ಹಾಕಿದ ತೂತು, ಚಾಸಿಯ ಅಳತೆ ಎಲ್ಲದರ ಫೋಟೋ ತೆಗೆದಿಟ್ಟಿದ್ದೇನೆ. ಚಾಸಿಯನ್ನು ಮತ್ತೆ ಅಂಟಿಸಿ ಬಣ್ಣ ಬಳಿದಿರಬಹುದು. ಈಗಿನ ಫೋಟೋಗಳಲ್ಲಿ ಎಂಜಿನ್ನಿನ ಅಡಿಭಾಗ ಒಂದರಲ್ಲೂ ಇಲ್ಲ. ಈ ಸೆಟ್ ಮೇಲೆ ಕಣ್ಣಿಟ್ಟವರು ಯಾರಾದರೂ ಇದ್ದರೆ ಹಣ ಕಳಿಸುವ ಮುಂಚೆ ನನ್ನನ್ನು ಕೇಳಿ, ಫೋಟೋಗಳನ್ನು ಕಳಿಸುತ್ತೇನೆ.