ಮೂಡಲ್: ನೇರ ಪಾಠಕ್ಕಲ್ಲ, ರಾತ್ರಿ ಹತ್ತರ ಓದಿಗೆ

ಬಿ.ಕಾಂ. ವಿದ್ಯಾರ್ಥಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವವಳು ನಾನು. 2021ರಲ್ಲಿ ಕಾಲೇಜು ಮತ್ತೆ ತೆರೆದಾಗ ಅರ್ಧ ತರಗತಿ ಬೆಂಚಿನಲ್ಲಿ, ಉಳಿದರ್ಧ ಮನೆಯಲ್ಲಿ. ಕೆಲವರು ಶರಾವತಿ ಹಿನ್ನೀರಿನ ಆಚೆಯವರು. ಆಗಿನ್ನೂ ಸೇತುವೆ ಇರಲಿಲ್ಲ, ಲಾಂಚ್ ಹಿಡಿದು ಬರಬೇಕಿತ್ತು. ಮೇಜಿನ ಮೇಲೆ ಮೊಬೈಲ್ ನಿಲ್ಲಿಸಿ ನೇರ ಪಾಠ ಬಿತ್ತರಿಸಿದೆ. ಮನೆಯಲ್ಲಿದ್ದವರಿಗೆ ಕಂಡದ್ದು ಬೋರ್ಡಿನ ಮೇಲಿನ ಬಿಸಿಲು. ಎದುರಿಗೆ ಕುಳಿತವರು ಕೇಳಿದ್ದು ‘ಕೇಳಿಸುತ್ತಿದೆಯೇ’ ಎಂಬ ನನ್ನ ಮಾತು ಮಾತ್ರ. ಹದಿನೈದು ದಿನಕ್ಕೆ ಅದನ್ನು ಕೈಬಿಟ್ಟು, ಪಾಠ ಹಾಕಿ ಪರೀಕ್ಷೆಯನ್ನೂ ಆನ್‌ಲೈನ್‌ನಲ್ಲೇ ನಡೆಸುವ ಮೂಡಲ್ ಹಿಡಿದೆ.

ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಾಸ್ ಆರಂಭಿಸಿದ ಈ ಮುಕ್ತ ತಂತ್ರಾಂಶದ ಮೊದಲ ಪೂರ್ಣ ಆವೃತ್ತಿ ಬಂದದ್ದು 2002ರಲ್ಲಿ. ಪರವಾನಗಿಗೆ ಕಾಸು ಕೊಡಬೇಕಿಲ್ಲ. ಸರ್ವರ್ ಬಾಡಿಗೆ ಬೇಕು, ಅದನ್ನು ನೋಡಿಕೊಳ್ಳುವ ಒಬ್ಬರು ಬೇಕು. ನಮ್ಮಲ್ಲಿ ಆ ಒಬ್ಬರು ಗಣಕ ವಿಜ್ಞಾನ ವಿಭಾಗದ ಸಹೋದ್ಯೋಗಿ. ಅವರಿಗೆ ವರ್ಗವಾದರೆ ಗತಿಯೇನು ಎಂಬ ಹೆದರಿಕೆ ನನಗೆ ಈಗಲೂ ಇದೆ.

ನಾನು ಮೂಡಲ್‌ಗೆ ಒಲಿದದ್ದು ‘ಕ್ಯಾಲ್ಕುಲೇಟೆಡ್’ ಬಗೆಯ ಪ್ರಶ್ನೆಯಿಂದ. ಲೆಕ್ಕದಲ್ಲಿ ಅಂಕಿಗಳ ಬದಲು ಅಕ್ಷರಗಳನ್ನಿಟ್ಟು, ಉತ್ತರದ ಸೂತ್ರ ಬರೆದು, ಅಂಕಿಗಳ ಮಿತಿ ಹೇಳಿದರೆ ಮುಗಿಯಿತು. ಪಕ್ಕಪಕ್ಕದವರಿಗೆ ಬೇರೆ ಬೇರೆ ಅಂಕಿಗಳು ಬರುತ್ತವೆ. ವಾಟ್ಸಾಪ್ ಗುಂಪಿಗೆ ಒಬ್ಬ ಉತ್ತರ ಹಾಕಿದರೆ ಇನ್ನೊಬ್ಬನಿಗೆ ಪ್ರಯೋಜನವಿಲ್ಲ, ಹೇಗೆ ಮಾಡಿದೆ ಎಂದೇ ಕೇಳಬೇಕು. ನಕಲು ಮಾಡಲು ಹೊರಟವರು ಪರಸ್ಪರ ಪಾಠ ಹೇಳಿಕೊಂಡದ್ದನ್ನು ನೋಡಿ ನಕ್ಕಿದ್ದೇನೆ. ಮೊದಲ ಪ್ರಶ್ನೆ ಸಿದ್ಧಪಡಿಸಲು ಒಂದು ಸಂಜೆಯೇ ಹಿಡಿಯಿತು ಎಂಬುದನ್ನೂ ಹೇಳಬೇಕು.

ಕನ್ನಡದಲ್ಲಿ ಕಿರು ಉತ್ತರ ಬರೆಸುವವರು ಮಾತ್ರ ಎಚ್ಚರ. ಸರಿಯುತ್ತರವೆಂದು ನಾನು ‘ಮಾನಕ ವಿಚಲನೆ’ (ಸ್ಟ್ಯಾಂಡರ್ಡ್ ಡೀವಿಯೇಶನ್) ಎಂದು ಕೊಟ್ಟಿದ್ದೆ. ನಡುವೆ ಜಾಗ ಬಿಡದೆ ಬರೆದವಳಿಗೂ ಅದನ್ನೇ ‘ಪ್ರಮಾಣಿತ ವಿಚಲನೆ’ ಎಂದವನಿಗೂ ಸೊನ್ನೆ ಬಿತ್ತು. ಸರಿಯಾಗಬಹುದಾದ ರೂಪಗಳನ್ನೆಲ್ಲ ಮೊದಲೇ ಸೇರಿಸಬೇಕು. ಇಲ್ಲವಾದರೆ ರಾತ್ರಿ ಕುಳಿತು ಕೈಯಾರೆ ಅಂಕ ತಿದ್ದಬೇಕು, ನಾನು ತಿದ್ದಿದ ಹಾಗೆ.

ಗಡುವಿನದು ಇನ್ನೊಂದು ಕಥೆ. ದಿನಾಂಕ ಬದಲಿಸಿ ಸಮಯವನ್ನು ಮುಟ್ಟದೆ ಬಿಟ್ಟಿದ್ದೆ, ಅದು 00:00 ಎಂದೇ ಉಳಿಯಿತು. 15ನೆಯ ತಾರೀಕಿನ ಗಡುವು 14ರ ನಡುರಾತ್ರಿಗೇ ಮುಗಿದು, ಬೆಳಿಗ್ಗೆ ಅರ್ಧ ತರಗತಿಯ ಹೆಸರಿನ ಮುಂದೆ ‘ತಡ’ ಎಂದು ಬಂದಿತ್ತು. ಆಮೇಲೆ ಯಾರು ಯಾವಾಗ ಬಂದರೆಂದು ತೋರಿಸುವ ಲಾಗ್ ತೆರೆದು ನೋಡಿದರೆ ಹೆಚ್ಚಿನವರು ಪುಟ ತೆರೆಯುತ್ತಿದ್ದದ್ದು ರಾತ್ರಿ ಒಂಬತ್ತೂವರೆಯ ನಂತರ. ಕಾರಣ ಕೇಳಿದೆ. ಮನೆಗೆ ಇರುವುದು ಒಂದೇ ಮೊಬೈಲ್, ಅದು ಅಪ್ಪನ ಜೊತೆ ತೋಟಕ್ಕೋ ಪೇಟೆಗೋ ಹೋಗಿರುತ್ತದೆ. ಮೊದಲ ಆ ಹದಿನೈದು ದಿನ ಮಧ್ಯಾಹ್ನ ಮೂರಕ್ಕೆ ನೇರ ಪಾಠ ಇಟ್ಟುಕೊಂಡಿದ್ದ ನನಗೆ ನಾಚಿಕೆಯಾಯಿತು. ಅಂದಿನಿಂದ ನನ್ನ ಗಡುವು ರಾತ್ರಿ 11:59.

ಮೂಡಲ್ ಆ್ಯಪ್‌ನಲ್ಲಿ ಪಾಠವನ್ನು ಮೊದಲೇ ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದಾಗ ಓದಬಹುದು. ಹಿನ್ನೀರಿನ ಆಚೆಯ ಹುಡುಗಿಯರು ಕಾಲೇಜಿಗೆ ಬಂದ ದಿನ ಕಾರಿಡಾರಿನಲ್ಲಿ ನಿಂತು ವಾರದ ಪಾಠ ಇಳಿಸಿಕೊಂಡು ಹೋಗುತ್ತಿದ್ದರು. ನೋಟಕ್ಕೆ ಮೂಡಲ್ ಸರ್ಕಾರಿ ಅರ್ಜಿಯಷ್ಟೇ ಆಕರ್ಷಕ, ಎಲ್ಲೆಲ್ಲೂ ಟಿಕ್ ಪೆಟ್ಟಿಗೆಗಳು. ನೋಟ್ಸ್ ಹಂಚುವುದಷ್ಟೇ ನಿಮ್ಮ ಕೆಲಸವಾದರೆ ಇಷ್ಟು ಪಾಡು ಬೇಡ, ಗೂಗಲ್ ಕ್ಲಾಸ್‌ರೂಮ್ ಸಾಕು. ಲೆಕ್ಕ ಮಾಡಿಸುವವರು ಮೂಡಲ್‌ಗಾಗಿ ಆ ಮೊದಲ ಸಂಜೆಯನ್ನು ಖರ್ಚು ಮಾಡಬಹುದು. ನನ್ನ ಪ್ರಶ್ನೆಗಳ ಬ್ಯಾಕಪ್ ಒಂದು ಪೆನ್‌ಡ್ರೈವ್‌ನಲ್ಲಿದೆ, ಸಹೋದ್ಯೋಗಿಗೆ ವರ್ಗವಾದರೂ ಅದು ನನ್ನ ಚೀಲದಲ್ಲೇ ಇರುತ್ತದೆ.